ಹೊಡೆದಾಟದ ಮೇಷ್ಟ್ರು ಲಾವ್ ಕಾರ್-ಲ್ಯೂಂಗ್

ಕುಂಗ್‌ಫು ಸಿನಿಮಾ ಎಂದರೆ ಸಾಲುಸಾಲಾಗಿ ಹೆಣ ಬೀಳುವ ಸಿನಿಮಾ ಎಂದುಕೊಂಡವರು 1978ರ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ ನೋಡಲು ಕೂತರೆ ತುಸು ತಬ್ಬಿಬ್ಬಾಗುತ್ತಾರೆ. ಮಂಚೂ ಅರಸರ ಸೈನಿಕರಿಂದ ತಪ್ಪಿಸಿಕೊಂಡು ಮಠ ಸೇರುವ ಸಾನ್ ತೆ ಎಂಬ ಯುವಕ ಚಿತ್ರದ ನಡುಭಾಗದುದ್ದಕ್ಕೂ ಸೇಡು ತೀರಿಸಿಕೊಳ್ಳುವುದಿಲ್ಲ, ಕಲಿಯುತ್ತಾನೆ. ಊಟದ ಮನೆ ಮುಟ್ಟಬೇಕಾದರೆ ನೀರಿನಲ್ಲಿ ತೇಲುವ ದಿಮ್ಮಿಗಳ ಮೇಲೆ ಹಾರಿ ದಾಟಬೇಕು. ಕೈ ಚಾಚಿಕೊಂಡೇ ನೀರು ಹೊರಬೇಕು. ತೋಳು ಸೋತು ಇಳಿದರೆ ಪಕ್ಕೆಗೆ ತಿವಿಯಲೆಂದು ಅಲಗು ಕಟ್ಟಿರುತ್ತಾರೆ. ತಲೆ ಅಲ್ಲಾಡಿಸದೆ ಕಣ್ಣಲ್ಲೇ ದೀಪವನ್ನು ಹಿಂಬಾಲಿಸಬೇಕು. ಕಡೆಗೆ ಮೂವತ್ತೈದು ಶಾಲೆಗಳನ್ನೂ ದಾಟಿದ ಮೇಲೆ ಅವನು ಕೇಳುವುದು ಅಧಿಕಾರವನ್ನಲ್ಲ. ಮಠದ ಹೊರಗಿನ ಸಾಮಾನ್ಯ ಜನರಿಗೂ ವಿದ್ಯೆ ಕಲಿಸುವ ಮೂವತ್ತಾರನೆಯ ಶಾಲೆಯೊಂದು ಬೇಕು ಎನ್ನುತ್ತಾನೆ.

ಹೊಡೆದಾಟದ ಚಿತ್ರದೊಳಗೆ ಪಾಠವನ್ನೇ ಕಥೆಯಾಗಿ ಕೂರಿಸಿದ ನಿರ್ದೇಶಕ ಲಾವ್ ಕಾರ್-ಲ್ಯೂಂಗ್. ಅದು ಚಿತ್ರಕಥೆಗಾರನ ಜಾಣತನದಿಂದಷ್ಟೇ ಬಂದದ್ದಲ್ಲ, ಮನೆತನದಿಂದ ಬಂದದ್ದು.

ಲಾವ್ ಹುಟ್ಟಿದ್ದು 1930ರ ದಶಕದಲ್ಲಿ, ದಕ್ಷಿಣ ಚೀನಾದ ಗ್ವಾಂಗ್‌ಝೌನಲ್ಲಿ. ತಂದೆ ಲಾವ್ ಚಾಮ್ ‘ಹುಂಗ್ ಗಾರ್’ ಪದ್ಧತಿಯ ಗುರು, ಶಿಸ್ತಿನ ಮನುಷ್ಯ. ಆತನ ಗುರು ಲಾಮ್ ಸೈ-ವಿಂಗ್; ಲಾಮ್‌ನ ಗುರು ಕ್ಯಾಂಟನ್ ಸೀಮೆಯ ಮನೆಮಾತಾಗಿದ್ದ ವೈದ್ಯ ಮತ್ತು ಕುಂಗ್‌ಫು ಪಂಡಿತ ವಾಂಗ್ ಫೇ-ಹುಂಗ್. ಹುಂಗ್ ಗಾರ್ ಎಂದರೆ ಮೊದಲು ಕುದುರೆ ಸವಾರನಂತೆ ತೊಡೆ ಬಗ್ಗಿಸಿ ನೆಲ ಕಚ್ಚಿ ನಿಲ್ಲುವುದು, ಆಮೇಲೆ ಮುಂದೋಳಿನ ಕೆಲಸ, ಆಮೇಲೆ ಹುಲಿ-ಕೊಕ್ಕರೆಗಳ ವರಸೆ, ದೊಣ್ಣೆ. ನಮ್ಮ ಗರಡಿಗಳ ಉಸ್ತಾದರು ಪಟ್ಟು ಹೇಳಿಕೊಡುವ ಮುನ್ನ ತಿಂಗಳುಗಟ್ಟಲೆ ಬಸ್ಕಿ ಹೊಡೆಸುತ್ತಿದ್ದರಲ್ಲ, ಅದೇ ಜಾತಿಯ ಶಿಕ್ಷಣ.

ಕುಟುಂಬ ಹಾಂಗ್‌ಕಾಂಗ್‌ಗೆ ಬಂದಾಗ ಅಲ್ಲಿ ಸ್ವಾರಸ್ಯದ ಸಂಗತಿಯೊಂದು ಕಾದಿತ್ತು. 1949ರಿಂದ ಕ್ವಾನ್ ತಾಕ್-ಹಿಂಗ್ ಎಂಬ ನಟ ವಾಂಗ್ ಫೇ-ಹುಂಗ್ ಪಾತ್ರದಲ್ಲಿ ಒಂದರ ಹಿಂದೊಂದು ಕಪ್ಪು-ಬಿಳುಪು ಚಿತ್ರಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ. ಆ ಸರಣಿಯಲ್ಲಿ ಹೊಡೆತ ತಿನ್ನುವ ಸಹನಟನಾಗಿ ಸೇರಿಕೊಂಡವರಲ್ಲಿ ತರುಣ ಲಾವ್ ಒಬ್ಬ. ತನ್ನದೇ ಗುರುಪರಂಪರೆಯ ಮೂಲಪುರುಷನ ಕಥೆಯಲ್ಲಿ ಹೆಸರಿಲ್ಲದ ಪುಂಡನಾಗಿ ಬೀಳುವುದು ಅವನ ಮೊದಲ ನೌಕರಿ!

ಮುಂದೆ ಗೆಳೆಯ ತಾಂಗ್ ಗಾಯ್ ಜತೆಗೂಡಿ ಸಾಹಸ ಸಂಯೋಜನೆಗೆ ಇಳಿದ. 1966ರ ‘ದಿ ಜೇಡ್ ಬೋ’ ಇಬ್ಬರಿಗೂ ಹೆಸರು ತಂದಿತು, ಶಾ ಬ್ರದರ್ಸ್ ಸ್ಟುಡಿಯೋದ ಬಾಗಿಲು ತೆರೆಯಿತು. ಅಲ್ಲಿ ಚಾಂಗ್ ಚೆ ನಿರ್ದೇಶನದ ಚಿತ್ರಗಳಿಗೆ, 1967ರ ‘ಒನ್-ಆರ್ಮ್ಡ್ ಸೋರ್ಡ್ಸ್‌ಮನ್’ ಮೊದಲಾಗಿ, ಸುಮಾರು ಒಂದು ದಶಕ ಹೊಡೆದಾಟ ಹೆಣೆದುಕೊಟ್ಟ. ಚಾಂಗ್ ಚೆಯ ನಾಯಕರು ಹೊಟ್ಟೆ ಬಗಿಸಿಕೊಂಡೂ ನಿಂತೇ ಕಾದಾಡಿ, ರಕ್ತದ ಮಡುವಿನಲ್ಲಿ ಸಾಯುವವರು. ತೈವಾನಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಇಬ್ಬರಿಗೂ ಮನಸ್ತಾಪವಾಯಿತು, ಲಾವ್ ಹಾಂಗ್‌ಕಾಂಗ್‌ಗೆ ಮರಳಿದ. ಸ್ಟುಡಿಯೋ ಅವನ ಕೈಗೆ ನಿರ್ದೇಶನವನ್ನೇ ಕೊಟ್ಟಿತು. ಕನ್ನಡ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ‘ಸಾಹಸ’ ಎಂಬ ಸಾಲಿನಲ್ಲಿ ಮಿಂಚಿ ಮರೆಯಾಗುವ ಹೆಸರುಗಳನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಬಡ್ತಿ ಎಂದು ಬಿಡಿಸಿ ಹೇಳಬೇಕಿಲ್ಲ.

ಮೊದಲ ಚಿತ್ರವೇ ತರ್ಲೆಯದು. 1975ರ ‘ದಿ ಸ್ಪಿರಿಚುಯಲ್ ಬಾಕ್ಸರ್’ ಮೈಮೇಲೆ ದೇವರು ಬಂದಂತೆ ನಟಿಸಿ, ಕತ್ತಿಯೂ ನಾಟದು ಎಂದು ಊರನ್ನು ನಂಬಿಸುವ ಮೋಸಗಾರನ ಹಾಸ್ಯಕಥೆ. ಇದೇ ವಿಷಯಕ್ಕೆ ಲಾವ್ 1982ರ ‘ಲೆಜೆಂಡರಿ ವೆಪನ್ಸ್ ಆಫ್ ಚೈನಾ’ದಲ್ಲಿ ಗಂಭೀರವಾಗಿ ಮರಳಿದ. 1900ರ ಬಾಕ್ಸರ್ ದಂಗೆಯ ಕಾಲದಲ್ಲಿ ಮಂತ್ರದ ಬಲದಿಂದ ಗುಂಡು ತಾಗದು ಎಂದು ನಂಬಿ ಸತ್ತವರು ಬಹಳ. ಆ ಸುಳ್ಳನ್ನು ಹುಡುಗರಿಗೆ ಕಲಿಸಲಾರೆ ಎಂದು ತನ್ನ ಪಡೆಯನ್ನೇ ಚದುರಿಸಿ ತಲೆಮರೆಸಿಕೊಳ್ಳುವ ಗುರುವಿನ ಪಾತ್ರವನ್ನು ಲಾವ್ ತಾನೇ ವಹಿಸಿದ. ಕೊನೆಯಲ್ಲಿ ಅವನ ಎದುರು ನಿಲ್ಲುವ ತಮ್ಮನ ಪಾತ್ರದಲ್ಲಿ ನಿಜಜೀವನದ ತಮ್ಮ ಲಾವ್ ಕಾರ್-ವಿಂಗ್. ಹದಿನೆಂಟು ಬಗೆಯ ಆಯುಧಗಳನ್ನು ಇಬ್ಬರೂ ಒಂದೊಂದಾಗಿ ಎತ್ತಿ ಆಡುತ್ತಾರೆ. ತನ್ನ ವಿದ್ಯೆಯನ್ನು ಪ್ರೀತಿಸುವವನು ಅದರ ಹೆಸರಿನಲ್ಲಿ ಹುಟ್ಟಿದ ಮೂಢನಂಬಿಕೆಯನ್ನು ಹೀಗೆ ಬಯಲಿಗೆಳೆದದ್ದು ಅಪರೂಪ.

ಸಾನ್ ತೆ ಪಾತ್ರ ಮಾಡಿದ ಗೋರ್ಡನ್ ಲಿಯು ಲಾವ್ ಚಾಮ್‌ನ ಶಿಷ್ಯ. ಗುರುವಿನ ಮನೆ ಹೆಸರನ್ನೇ ತನ್ನದಾಗಿಸಿಕೊಂಡವನು. ಕಾರಾ ಹುಯಿಯನ್ನು ಲಾವ್ ‘ಮೈ ಯಂಗ್ ಆಂಟಿ’ಯಲ್ಲಿ ನಾಯಕಿಯಾಗಿಸಿದ. 1982ರಲ್ಲಿ ನಡೆದ ಮೊಟ್ಟಮೊದಲ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿ ಗೌರವ ಆಕೆಗೆ ಸಂದಿತು. ಹೊಡೆದಾಟದ ಚಿತ್ರದ ಹೆಣ್ಣೊಬ್ಬಳಿಗೆ!

1983ರ ಜುಲೈನಲ್ಲಿ ‘ದಿ ಏಯ್ಟ್ ಡಯಾಗ್ರಾಮ್ ಪೋಲ್ ಫೈಟರ್’ ಚಿತ್ರೀಕರಣದ ನಡುವೆಯೇ ನಟ ಅಲೆಕ್ಸಾಂಡರ್ ಫು ಶೆಂಗ್ ಕಾರು ಅಪಘಾತದಲ್ಲಿ ತೀರಿಕೊಂಡ. ಕಥೆಯನ್ನು ಬದಲಿಸಿ ಮುಗಿಸಬೇಕಾಯಿತು. ಆ ಚಿತ್ರದಲ್ಲಿ ಲಾವ್‌ನ ಎಂದಿನ ನಗೆ ಇಲ್ಲ. ಶವಪೆಟ್ಟಿಗೆಗಳ ರಾಶಿಯ ಮೇಲೆ ನಡೆಯುವ ದೊಣ್ಣೆಯ ಕಾಳಗದಲ್ಲಿ ಸಿಟ್ಟು ಸಂಕಟ ಎರಡೂ ಇವೆ. ಅಲ್ಲೂ ಸನ್ಯಾಸಿಗಳು ಕೊಲ್ಲುವುದಿಲ್ಲ. ತೋಳಕ್ಕೆ ಮಾಡಿದಂತೆ ಶತ್ರುಗಳ ಹಲ್ಲು ಕಿತ್ತು ಬಿಡುತ್ತಾರೆ.

ಶಾ ಬ್ರದರ್ಸ್ ಚಿತ್ರನಿರ್ಮಾಣದಿಂದ ಹಿಂದೆ ಸರಿದ ಮೇಲೆ ಲಾವ್ 1986ರಲ್ಲಿ ಜೆಟ್ ಲಿ ನಟಿಸಿದ ‘ಮಾರ್ಷಲ್ ಆರ್ಟ್ಸ್ ಆಫ್ ಶಾವೊಲಿನ್’ ಮಾಡಿದ, 1988ರಲ್ಲಿ ಪೊಲೀಸ್ ಕಥೆಗೂ ಕೈಹಾಕಿದ. 1994ರ ‘ಡ್ರಂಕನ್ ಮಾಸ್ಟರ್ 2’ರಲ್ಲಿ ಜಾಕಿ ಚಾನ್ ಜತೆ ಹೊಂದಾಣಿಕೆಯಾಗದೆ ನಡುವೆಯೇ ಹೊರಬಂದ, ಕಾರ್ಖಾನೆಯ ಅಂತಿಮ ಕಾಳಗವನ್ನು ಚಾನ್ ಮುಗಿಸಿದ. ಬೆಂಕಿ-ಕೆಂಡಗಳ ಆ ಕೊನೆಯನ್ನೇ ಎಲ್ಲರೂ ಹೊಗಳುತ್ತಾರೆ. ಆದರೆ ರೈಲಿನ ಅಡಿಯಲ್ಲಿ, ಸರಿಯಾಗಿ ನಿಲ್ಲಲೂ ಜಾಗವಿಲ್ಲದ ಕಡೆ, ವಯಸ್ಸಾದ ಲಾವ್ ಮತ್ತು ಚಾನ್ ಈಟಿ-ಕತ್ತಿ ಹಿಡಿದು ಆಡುವ ಆರಂಭದ ದೃಶ್ಯವೇನೂ ಅದಕ್ಕಿಂತ ಕಡಿಮೆಯದಲ್ಲ. 2005ರ ‘ಸೆವೆನ್ ಸೋರ್ಡ್ಸ್’ನಲ್ಲಿ ಮತ್ತೆ ಕತ್ತಿ ಹಿಡಿದ ಲಾವ್‌ಗೆ 2010ರಲ್ಲಿ ಹಾಂಗ್‌ಕಾಂಗ್ ಚಿತ್ರರಂಗ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. 2013ರ ಜೂನ್ 25ರಂದು ಆತ ನಿಧನನಾದ.

ಸಾಹಸ ನಿರ್ದೇಶನ ಕಲಿಯುವ ನಮ್ಮ ಹುಡುಗರು ಮೊದಲು 1978ರ ‘ಹೀರೋಸ್ ಆಫ್ ದಿ ಈಸ್ಟ್’ ನೋಡಬೇಕು. ಚೀನೀ ಗಂಡ, ಜಪಾನೀ ಹೆಂಡತಿ. ಯಾರ ವಿದ್ಯೆ ಮೇಲು ಎಂಬ ಮನೆಜಗಳ ಬೆಳೆದು ಜಪಾನಿನಿಂದ ಏಳು ಜನ ಪಟುಗಳು ಬಂದಿಳಿಯುತ್ತಾರೆ. ಒಬ್ಬರೂ ಸಾಯುವುದಿಲ್ಲ, ಸೋತವರ ಮಾನವೂ ಉಳಿಯುತ್ತದೆ. ಒಮ್ಮೆ ಕಥೆಗಾಗಿ ನೋಡಿ. ಇನ್ನೊಮ್ಮೆ ಧ್ವನಿ ಅಡಗಿಸಿ, ಆಡುವವರ ಕಾಲುಗಳನ್ನಷ್ಟೇ ನೋಡಿ.