ಬಿದ್ದೆದ್ದವರ ಕೈ



ಅಮೆರಿಕದ 1997ರ ಶಾಸನವೊಂದರಂತೆ, 22 ತಿಂಗಳಲ್ಲಿ 15 ತಿಂಗಳು ಮಗು ಸರ್ಕಾರದ ಪಾಲನೆಯಲ್ಲಿದ್ದರೆ, ಕೆಲವು ವಿನಾಯಿತಿಗಳ ಹೊರತು, ಹೆತ್ತವರ ಹಕ್ಕನ್ನು ರದ್ದುಪಡಿಸಲು ಸರ್ಕಾರ ನ್ಯಾಯಾಲಯದ ಮೆಟ್ಟಿಲೇರಬೇಕು. ವ್ಯಸನವಾದರೋ ಗಡುವನ್ನು ಅರಿಯದು. ಅದೇ ವರ್ಷ ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಆರಂಭವಾದ ‘ಸ್ಟಾರ್ಟ್’ ಯೋಜನೆಯು ಮಕ್ಕಳ ರಕ್ಷಣಾಧಿಕಾರಿಯ ಜೊತೆಗೆ ಒಬ್ಬ ಮಾರ್ಗದರ್ಶಿಯನ್ನು ನೇಮಿಸಿತು. ಈ ಮಾರ್ಗದರ್ಶಿಯೂ ಹಿಂದೊಮ್ಮೆ ವ್ಯಸನಿ. ವ್ಯಸನ ತೊರೆದು ಕನಿಷ್ಠ ಮೂರು ವರ್ಷ ಕಳೆದವರು. ಚಿಕಿತ್ಸೆಯ ಮೊದಲ ದಿನಗಳಲ್ಲಿ ತಾಯಿಯನ್ನು ತಾವೇ ಕರೆದೊಯ್ಯುವರು.

ಕಡತಗಳ ನಡುವೆಯೇ ಬಾಳಿದ ಅಧಿಕಾರಿ ನಾನು. ಕಡತವು ಗಡುವನ್ನು ತಿಳಿಸಬಲ್ಲದು. ‘ನಾನೂ ಅಲ್ಲಿದ್ದೆ, ಹೊರಬಂದೆ’ ಎನ್ನಲಾರದು. ಮಗುವಿನ ಕ್ಷೇಮವೇ ಮೊದಲು, ನಿಜ. ಆದರೆ ಬಿದ್ದೆದ್ದವರಿಗೂ ಕಚೇರಿಯಲ್ಲಿ ಒಂದು ಕುರ್ಚಿ, ಒಂದು ಸಂಬಳವಿರಲಿ. ನಮ್ಮ ಮಕ್ಕಳ ಕಲ್ಯಾಣ ಸಮಿತಿಗಳೂ ಇದನ್ನು ಯೋಚಿಸಲೆಂದು ನನ್ನ ವಿನಂತಿ.