ನೆಲದಡಿಯ ನೀರಿಗೊಂದು ಪಂಚಾಯಿತಿ



ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಡೆನಿಸನ್ ಎಂಬ ಊರಿದೆ. 1901ರಲ್ಲಿ ಅಲ್ಲಿ ರೈಲ್ವೆ ಕಂಪನಿಯೊಂದು 66 ಅಡಿ ಆಳದ ಬಾವಿ ತೋಡಿಸಿ, ದಿನಕ್ಕೆ 25 ಸಾವಿರ ಗ್ಯಾಲನ್ ನೀರೆತ್ತತೊಡಗಿತು. ಪಕ್ಕದ ಮನೆಯ 33 ಅಡಿಯ ಬಾವಿ ಬತ್ತಿಹೋಯಿತು. ಮನೆಯವರು ಕೋರ್ಟಿಗೆ ಹೋದರು. 1904ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು ರೈಲ್ವೆಯ ಪರವಾಗಿ: ತನ್ನ ನೆಲದಡಿಯ ನೀರನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಪಕ್ಕದವರ ಬಾವಿ ಒಣಗಿದರೆ ಹೊಣೆಯಿಲ್ಲ.

ನಮ್ಮ 1882ರ ಈಸ್‌ಮೆಂಟ್ಸ್ ಕಾಯ್ದೆಯದೂ ಹೆಚ್ಚುಕಡಿಮೆ ಇದೇ ಮಾತು. ಎರಡರ ಬೇರೂ ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿದೆ. ಪಕ್ಕದ ಹೊಲದವರು ಇನ್ನಷ್ಟು ಆಳಕ್ಕೆ ಕೊರೆಸಿದರೆ ನಮ್ಮ ಬೋರು ಕೈಕೊಡುವ ಸಂಕಟವನ್ನು ಕೋಲಾರದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಟೆಕ್ಸಾಸ್ ಇದಕ್ಕೊಂದು ದಾರಿ ಹುಡುಕಿತು. 1949ರ ಕಾನೂನು ಸ್ಥಳೀಯ ಅಂತರ್ಜಲ ಸಂರಕ್ಷಣಾ ಜಿಲ್ಲೆಗಳಿಗೆ ಅವಕಾಶ ಕೊಟ್ಟಿತು. ಇದು ಕಂದಾಯದ ಜಿಲ್ಲೆಯಲ್ಲ; ನೀರನ್ನು ನೋಡಿಕೊಳ್ಳಲೆಂದೇ ಗುರುತಿಸಿದ ಪ್ರದೇಶ. 1951ರಲ್ಲಿ ಲಬಕ್ ನಗರದ ಸುತ್ತಿನ ಬಯಲುಸೀಮೆಯ ಜನ ಮತ ಹಾಕಿ ಮೊದಲ ಜಿಲ್ಲೆ ಕಟ್ಟಿಕೊಂಡರು. ಇಂದು ರಾಜ್ಯದಲ್ಲಿ ಅಂಥವು ಸುಮಾರು 100 ಇವೆ. ಸಾಮಾನ್ಯವಾಗಿ ಅಲ್ಲಿನವರೇ ಆರಿಸಿದ ಮಂಡಳಿ ಹೊಸ ಬಾವಿಗೆ ಪರವಾನಗಿ ಕೊಡುತ್ತದೆ, ಬಾವಿಗೂ ಬಾವಿಗೂ ಎಷ್ಟು ಅಂತರವಿರಬೇಕೆಂದು ಗೊತ್ತುಮಾಡುತ್ತದೆ, ನೀರು ಪೋಲಾಗದಂತೆ ತಡೆಯುತ್ತದೆ.

ಎಲ್ಲಕ್ಕೂ ಮೊದಲ ಕೆಲಸ ಅಳತೆ. ಹಳೆಯ ವಿಧಾನ ಬಹಳ ಸರಳ. ಉಕ್ಕಿನ ಟೇಪಿನ ತುದಿಗೆ ನೀಲಿ ಸೀಮೆಸುಣ್ಣ ಬಳಿದು ಬಾವಿಯೊಳಗೆ ಇಳಿಬಿಡುತ್ತಾರೆ. ಮೇಲೆಳೆದಾಗ ನೆನೆದಷ್ಟು ಭಾಗದ ಬಣ್ಣ ಗಾಢವಾಗಿರುತ್ತದೆ. ಇಳಿಬಿಟ್ಟ ಉದ್ದದಲ್ಲಿ ನೆನೆದ ಉದ್ದವನ್ನು ಕಳೆದರೆ, ನೀರು ಎಷ್ಟು ಅಡಿ ಕೆಳಗಿದೆಯೆಂದು ತಿಳಿಯುತ್ತದೆ. ಪಂಪುಗಳು ನಿಂತಿರುವ ಚಳಿಗಾಲದಲ್ಲಿ ಅಳೆದರೆ ಲೆಕ್ಕ ನಿಖರ. ಹೀಗೆ ವರ್ಷ ವರ್ಷ ಬರೆದಿಟ್ಟರೆ ಕಣ್ಣಿಗೆ ಕಾಣದ ನೀರಿಗೂ ಒಂದು ಖಾತೆಪುಸ್ತಕ ಸಿಕ್ಕಂತೆ.

ಇಷ್ಟಾದರೂ ಆ ಬಯಲುಸೀಮೆಯಡಿಯ ಓಗಲಾಲ ಜಲಸ್ತರ ಇಳಿಯುತ್ತಲೇ ಇದೆ. ಅಲ್ಲಿ ಇಂಗುವ ಮಳೆನೀರು ತೀರ ಕಡಿಮೆ, ಎತ್ತುವುದು ಹೆಚ್ಚು. ಮಂಡಳಿ ರಚಿಸಿದ ಮಾತ್ರಕ್ಕೆ ನೀರು ಹುಟ್ಟುವುದಿಲ್ಲ. ಇರುವ ನೀರನ್ನು ಒಪ್ಪಂದದಿಂದ ಬಳಸುವುದಕ್ಕೆ ಅದೊಂದು ಕಟ್ಟೆ.

ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವಾಗ, ಎಷ್ಟು ನೀರು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ, ಊರು ಒಪ್ಪುತ್ತಿತ್ತು. ಬೋರ್‌ವೆಲ್ ಬಂದಾಗ ಪ್ರತಿಯೊಬ್ಬರಿಗೂ ಸ್ವಂತ ನೀರು ಸಿಕ್ಕಿತೆಂದುಕೊಂಡೆವು. ಆದರೆ ನಾವೆಲ್ಲ ಎತ್ತುತ್ತಿರುವುದು ಒಂದೇ ಕೆರೆಯಿಂದ. ಅದು ನೆಲದಡಿ ಇದೆ, ಅಷ್ಟೆ. ಅದಕ್ಕೂ ನೀರುಗಂಟಿ ಬೇಕು. ನಿಮ್ಮೂರಿನ ಬೋರುಗಳಲ್ಲಿ ನೀರು ಎಷ್ಟು ಆಳದಲ್ಲಿದೆಯೆಂದು ಒಂದು ಪುಸ್ತಕದಲ್ಲಿ ಬರೆದಿಡುವುದರಿಂದಲೇ ಆ ಕೆಲಸ ಶುರುವಾಗಲಿ.