ಬಂದು ಹೋಗುವ ದನಿ: ಹಳೆಯ ಲ್ಯಾಪ್‌ಟಾಪಿನ ದೋಷ ಹುಡುಕುವ ಬಗೆ

ಯಂತ್ರವೊಂದು ಪೂರ್ತಿಯಾಗಿ ಕೆಟ್ಟು ನಿಂತರೆ ಅದರ ದೋಷ ಹುಡುಕುವುದು ಅಷ್ಟು ಕಷ್ಟವಲ್ಲ. ದೋಷ ಅಲ್ಲಿಯೇ ಇರುತ್ತದೆ, ನಾವು ಹುಡುಕುವವರೆಗೂ ಕಾದಿರುತ್ತದೆ. ನಿಜವಾಗಿ ಕಾಡುವುದು ಬಂದು ಹೋಗುವ ದೋಷ. ಮನೆಯಲ್ಲಿ ಹತ್ತು ಸಲ ಕೈಕೊಟ್ಟ ಯಂತ್ರ ರಿಪೇರಿ ಅಂಗಡಿಯ ಮೇಜಿನ ಮೇಲೆ ಇಟ್ಟ ಕೂಡಲೇ ಚೆನ್ನಾಗಿ ನಡೆಯುತ್ತದೆ. ಅಂಗಡಿಯವರು ನಮ್ಮ ಮುಖ ನೋಡುತ್ತಾರೆ, ನಾವು ಅವರ ಮುಖ ನೋಡುತ್ತೇವೆ. ಇಂಥ ದೋಷವನ್ನು ಹೇಗೆ ಹಿಡಿಯಬೇಕು ಎಂಬುದನ್ನು ಇಂದು ಒಂದು ಹಳೆಯ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು ನೋಡೋಣ.

ಈ ಲ್ಯಾಪ್‌ಟಾಪನ್ನು ನಾನು ನೋಡಿದ್ದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಬೆಳವಣಕಿಯಲ್ಲಿ, ಒಬ್ಬ ಬಿ.ಎ. ವಿದ್ಯಾರ್ಥಿಯ ಮನೆಯಲ್ಲಿ. ಅಣ್ಣ ಕಾಲೇಜು ಮುಗಿಸಿ ಬಿಟ್ಟುಹೋದ ಯಂತ್ರ ಅದು, ಎಂಟು ವರ್ಷ ಹಳೆಯದು. ದೋಷ ಒಂದೇ: ನಡುನಡುವೆ ದನಿ ನಿಂತುಹೋಗುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ದನಿ ಹೋದರೆ ಏನಾಯಿತು, ಹಾಡು ಕೇಳದಿದ್ದರೆ ಓದು ನಿಲ್ಲುತ್ತದೆಯೇ ಎಂದು ನೀವು ಕೇಳಬಹುದು. ಈ ವಿದ್ಯಾರ್ಥಿಗೆ ನಿಲ್ಲುತ್ತದೆ. ಆತನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಆತ ಪಾಠ ಓದುತ್ತಾನೆ, ಟಿಪ್ಪಣಿ ಬರೆಯುತ್ತಾನೆ. ನಮಗೆ ಪರದೆ ಆರಿಹೋದರೆ ಹೇಗೋ, ಆತನಿಗೆ ದನಿ ಹೋದರೆ ಹಾಗೆ.

"ಸರ, ಓದಿಕೋಂತ ಹೊಂಟಿರತೇನ್ರಿ, ನಡುವ ಒಮ್ಮೆಲೆ ದನಿ ನಿಂತಬಿಡತೈತ್ರಿ. ಮಿಷಿನ್ ಬಂದ್ ಆತೋ, ದನಿ ಅಷ್ಟ ಹೋತೋ, ನನಗ ತಿಳಿಯೂದುಲ್ರಿ" ಎಂದ ಆತ. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ ಮದರ್‌ಬೋರ್ಡೇ ಹೋಗಿದೆ, ಏಳೆಂಟು ಸಾವಿರ ಆಗುತ್ತದೆ ಎಂದಿದ್ದರಂತೆ. ಆ ವರ್ಷ ಉಳ್ಳಾಗಡ್ಡಿಗೆ ಬೆಲೆ ಇರಲಿಲ್ಲ. ಮನೆಯಲ್ಲಿ ಏಳೆಂಟು ಸಾವಿರವೂ ಇರಲಿಲ್ಲ.

ಗದಗ ಸೀಮೆ ಕಿವಿಯಿಂದಲೇ ವಿದ್ಯೆ ಕಲಿತವರ ಸೀಮೆ. ಪಂಚಾಕ್ಷರ ಗವಾಯಿಗಳೂ, 1914ರಿಂದ 2010ರವರೆಗೆ ಬಾಳಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳು ಕೇಳಿ ಕೇಳಿಯೇ ಸಂಗೀತ ಕಲಿತರು. 1922ರಲ್ಲಿ ಇದೇ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮನಸೋತು, 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಹೋದರು. ಒಂದು ಯಂತ್ರದಿಂದ ಬಂದ ದನಿ ಒಬ್ಬ ಹುಡುಗನ ಬಾಳನ್ನೇ ತಿರುಗಿಸಬಲ್ಲದು. ಆದ್ದರಿಂದ ಬೆಳವಣಕಿಯ ಈ ದನಿಯನ್ನು ನಾವು ಹಗುರಾಗಿ ಕಾಣುವಂತಿಲ್ಲ.

ಈಗ ದೋಷಕ್ಕೆ ಬರೋಣ. ದೋಷ ಹುಡುಕುವ ಮೊದಲು ದನಿ ಸಾಗುವ ದಾರಿ ತಿಳಿದಿರಬೇಕು. ಕಂಪ್ಯೂಟರಿನೊಳಗೆ ದನಿ ಎಂಬುದು ಬರಿಯ ಸಂಖ್ಯೆಗಳ ಸಾಲು. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 44,100 ಅಥವಾ 48,000 ಸಂಖ್ಯೆಗಳು. ಓದುವ ತಂತ್ರಾಂಶ ಈ ಸಂಖ್ಯೆಗಳನ್ನು ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಗೆ ಕೊಡುತ್ತದೆ. ಅದು ಡ್ರೈವರ್ ಎಂಬ ಚಿಕ್ಕ ತಂತ್ರಾಂಶಕ್ಕೆ ದಾಟಿಸುತ್ತದೆ. ಡ್ರೈವರ್ ಅದನ್ನು ಕೋಡೆಕ್ ಎಂಬ ಚಿಪ್ಪಿಗೆ ಒಪ್ಪಿಸುತ್ತದೆ. ಕೋಡೆಕ್ ಸಂಖ್ಯೆಗಳನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಅದು ಆಂಪ್ಲಿಫೈಯರಿನಲ್ಲಿ ಬಲಗೊಂಡು ಸ್ಪೀಕರಿಗೋ ಇಯರ್‌ಫೋನಿಗೋ ಹೋಗುತ್ತದೆ. ಹೊಲಕ್ಕೆ ನೀರು ಬರಲಿಲ್ಲವೆಂದರೆ ರೈತ ಏನು ಮಾಡುತ್ತಾನೆ? ಕಾಲುವೆಯ ಗುಂಟ ನಡೆದು ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ನೋಡುತ್ತಾನೆ. ನಾವೂ ಹಾಗೆಯೇ ನಡೆಯಬೇಕು.

ಆದರೆ ಅದಕ್ಕೂ ಮೊದಲು ಒಂದು ಕೆಲಸವಿದೆ. ಏನನ್ನೂ ಬದಲಿಸದೆ ಗಮನಿಸುವುದು. ದನಿ ಯಾವಾಗ ಹೋಗುತ್ತದೆ? ಲ್ಯಾಪ್‌ಟಾಪ್ ಬಿಸಿಯಾದ ಮೇಲೆಯೇ? ಮುಚ್ಚಳ ಅಲುಗಿಸಿದಾಗಲೇ? ಚಾರ್ಜರ್ ಹಚ್ಚಿದಾಗಲೇ? ಮಲಗಿದ ಯಂತ್ರ ಎಚ್ಚರಗೊಂಡಾಗಲೇ? ಎರಡು ದಿನ ದನಿ ಹೋದಾಗಲೆಲ್ಲ ಬರೆದಿಡಲು ಹೇಳಿದೆ. ಹತ್ತನೆಯ ತರಗತಿಯ ತಂಗಿ ವಹಿ ಹಿಡಿದಳು. ಮೂರನೆಯ ದಿನ ವಹಿ ತೆರೆದಾಗ ಎರಡು ಸಂಗತಿಗಳು ಎದ್ದು ಕಂಡವು. ಒಂದು, ಕಾಲೇಜಿನಿಂದ ಬಸ್ಸಿನಲ್ಲಿ ಬಂದ ದಿನ ದನಿ ಪೂರ್ತಿ ಹೋಗುತ್ತಿತ್ತು. ಇನ್ನೊಂದು, ಮನೆಯಲ್ಲಿಯೇ ಇಟ್ಟಾಗ ದನಿ ಇರುತ್ತಿತ್ತು, ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಓದತೊಡಗಿದಾಗ ಪ್ರತಿ ಸಲವೂ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. "ಕರ್ನಾಟಕ" ಎಂಬುದು "ನಾಟಕ" ಆಗುತ್ತಿತ್ತು! ನಾವು ಒಂದು ದೋಷ ಎಂದುಕೊಂಡದ್ದು ಎರಡು ದೋಷಗಳಾಗಿದ್ದವು.

ಇನ್ನು ಪರೀಕ್ಷೆಗಳು. ಇಲ್ಲಿ ಒಂದು ನಿಯಮವನ್ನು ಮರೆಯಬಾರದು: ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿ ದನಿ ಬಂದರೆ, ಯಾವುದರಿಂದ ಬಂತೆಂದು ಯಾರಿಗೂ ತಿಳಿಯದು. ಮತ್ತೆ ಹೋದಾಗ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಮೊದಲನೆಯದು, ಬೇರೊಂದು ತಂತ್ರಾಂಶದ ಪರೀಕ್ಷೆ. ಓದುವ ದನಿ ನಿಂತಾಗ ಒಂದು ಹಾಡು ಹಚ್ಚಿ ನೋಡಿ. ಹಾಡು ಕೇಳಿದರೆ ದಾರಿ ಸರಿಯಿದೆ, ಓದುವ ತಂತ್ರಾಂಶ ನಿಂತಿದೆ ಎಂದರ್ಥ. ಹಾಡೂ ಕೇಳದಿದ್ದರೆ ಮುಂದೆ ಹೋಗಬೇಕು. ಇದೇ ಹೊತ್ತಿಗೆ ದನಿಯನ್ನು ಯಾರೋ ಮೌನಗೊಳಿಸಿದ್ದಾರೆಯೇ, ಆ ತಂತ್ರಾಂಶದ ದನಿಯ ಮಟ್ಟ ಮಾತ್ರ ಕೆಳಗಿದೆಯೇ ಎಂಬುದನ್ನೂ ನೋಡಿಬಿಡಿ.

ಎರಡನೆಯದು, ಇಯರ್‌ಫೋನಿನ ಪರೀಕ್ಷೆ. ಸ್ಪೀಕರಿನಲ್ಲಿ ದನಿ ಇಲ್ಲದಾಗ ಇಯರ್‌ಫೋನ್ ಹಚ್ಚಿ. ಅದರಲ್ಲಿ ಕೇಳಿಸಿದರೆ ಸಂಖ್ಯೆಗಳಿಂದ ಕೋಡೆಕ್‌ವರೆಗಿನ ದಾರಿಯೆಲ್ಲ ಸರಿಯಿದೆ. ದೋಷ ಸ್ಪೀಕರಿನಲ್ಲೋ, ಅದರ ತಂತಿಯಲ್ಲೋ, ಇಯರ್‌ಫೋನ್ ಹಚ್ಚುವ ತೂತಿನಲ್ಲೋ ಇರಬೇಕು.

ಮೂರನೆಯದು, ಯುಎಸ್‌ಬಿ ಅಥವಾ ಬ್ಲೂಟೂತ್ ಇಯರ್‌ಫೋನಿನ ಪರೀಕ್ಷೆ. ಸಂಖ್ಯೆಗಳನ್ನು ದನಿಯಾಗಿಸುವ ಚಿಪ್ಪು ಇವುಗಳ ಒಳಗೇ ಇರುತ್ತದೆ. ಲ್ಯಾಪ್‌ಟಾಪಿನ ಕೋಡೆಕನ್ನು ಇವು ಕೇಳುವುದೇ ಇಲ್ಲ. ಮಾಮೂಲಿ ಇಯರ್‌ಫೋನಿನಲ್ಲಿ ದನಿ ಇಲ್ಲ, ಇವುಗಳಲ್ಲಿ ಇದೆ ಎಂದಾದರೆ ದೋಷ ಒಳಗಿನ ಕೋಡೆಕ್, ಅದರ ಸುತ್ತಿನ ಭಾಗ ಅಥವಾ ಅದರ ಡ್ರೈವರಿನಲ್ಲಿದೆ.

ನಾಲ್ಕನೆಯದು, ಬೇರೊಂದು ವ್ಯವಸ್ಥೆಯ ಪರೀಕ್ಷೆ. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಒಳಗೆ ಅಳವಡಿಸದೆಯೇ ಅದರಿಂದಲೇ ಲ್ಯಾಪ್‌ಟಾಪ್ ನಡೆಸಬಹುದು. ಅಲ್ಲಿಯೂ ದನಿ ಹೀಗೆಯೇ ಬಂದು ಹೋದರೆ ದೋಷ ಬಹುಮಟ್ಟಿಗೆ ಯಂತ್ರದ್ದು. ಅಲ್ಲಿ ಗಂಟೆಗಟ್ಟಲೆ ಸರಿಯಿದ್ದರೆ ವಿಂಡೋಸ್ ಅಥವಾ ಡ್ರೈವರನ್ನು ಸಂಶಯಿಸಬೇಕು. "ಅಳವಡಿಸು" ಎಂಬುದನ್ನು ಮಾತ್ರ ಒತ್ತಬೇಡಿ, ಒಳಗಿನ ಕಡತಗಳು ಅಳಿಸಿಹೋದಾವು.

ಬೆಳವಣಕಿಯ ಯಂತ್ರ ಎರಡನೆಯ ಪರೀಕ್ಷೆಯಲ್ಲಿಯೇ ಗುಟ್ಟು ಬಿಟ್ಟುಕೊಟ್ಟಿತು. ದನಿ ಹೋದಾಗ ಇಯರ್‌ಫೋನ್ ಹಚ್ಚಿದೆವು. ಸ್ಪಷ್ಟವಾಗಿ ಕೇಳಿಸಿತು. ತೆಗೆದೆವು. ಸ್ಪೀಕರ್ ಮೂಕವಾಗಿಯೇ ಇತ್ತು. ಆಗ ಪರದೆ ನೋಡುತ್ತಿದ್ದ ತಂಗಿ, "ಸರ, ಕಿತ್ತಿದ ಮ್ಯಾಲೂ ಇಲ್ಲೆ ಹೆಡ್‌ಫೋನ್ ಅಂತನ ತೋರಸಾಕತ್ತೈತ್ರಿ" ಎಂದಳು. ದನಿ ಕಳೆದುಹೋಗಿರಲಿಲ್ಲ. ಇಲ್ಲದ ಇಯರ್‌ಫೋನಿಗೆ ಹೋಗುತ್ತಿತ್ತು.

ಇದು ಹೇಗಾಯಿತು? ಇಯರ್‌ಫೋನ್ ಹಚ್ಚುವ ತೂತಿನೊಳಗೆ ಒಂದು ಸಣ್ಣ ಲೋಹದ ಎಸಳು ಇರುತ್ತದೆ. ಪಿನ್ನು ಒಳಹೊಕ್ಕಾಗ ಎಸಳು ಸರಿಯುತ್ತದೆ, ಕೋಡೆಕಿಗೆ ಸುದ್ದಿ ಹೋಗುತ್ತದೆ, ಸ್ಪೀಕರ್ ಮೌನವಾಗುತ್ತದೆ. ಪಿನ್ನು ತೆಗೆದಾಗ ಎಸಳು ಮೊದಲಿನ ಜಾಗಕ್ಕೆ ಮರಳಬೇಕು. ರೋಣದ ಕಡೆಯದು ಎರಿ ಭೂಮಿ. ಬೇಸಿಗೆಯಲ್ಲಿ ಗಾಳಿ ಬೀಸಿದರೆ ಹಿಟ್ಟಿನಂಥ ಕರಿ ಧೂಳು ಪೆಟ್ಟಿಗೆಯೊಳಗಿನ ಬಟ್ಟೆಗೂ ಬಿಡುವುದಿಲ್ಲ. ಎಂಟು ವರ್ಷದ ಧೂಳು, ಕೈಚೀಲದ ನೂಲಿನ ಎಳೆ, ಸವೆದ ಎಸಳು ಇವೆಲ್ಲ ಸೇರಿ ಅದು ಅರ್ಧಕ್ಕೆ ನಿಲ್ಲುತ್ತಿತ್ತು. ಬಸ್ಸು ಕುಲುಕಿದಾಗ ಜಾಗ ತಪ್ಪುತ್ತಿತ್ತು, ಮತ್ತೊಮ್ಮೆ ಅಲುಗಿದಾಗ ಕೂಡುತ್ತಿತ್ತು. ದೋಷ ಬಂದು ಹೋಗುತ್ತಿದ್ದುದು ಇದರಿಂದಲೇ.

ಪರಿಹಾರ ಸರಳವಾದುದೇ. ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ ಚಾರ್ಜರ್ ತೆಗೆದೆವು. ರಬ್ಬರಿನ ಗಾಳಿಬುರುಡೆಯಿಂದ ತೂತಿನೊಳಗೆ ಗಾಳಿ ಊದಿದೆವು. ಇಯರ್‌ಫೋನಿನ ಪಿನ್ನನ್ನು ಒರೆಸಿ, ಹದಿನೈದು ಸಲ ಮೆಲ್ಲಗೆ ಹಾಕಿ ತೆಗೆದೆವು. ಆ ಉಜ್ಜಾಟಕ್ಕೆ ಎಸಳಿನ ಮೇಲಿನ ಕಿಲುಬು ಸವೆಯುತ್ತದೆ. ದನಿ ಬಂತು. ಒಂದು ಎಚ್ಚರಿಕೆ: ತೂತಿನಲ್ಲಿ ಸೂಜಿ ಹಾಕಿ ಕೆದಕಬೇಡಿ, ಎಣ್ಣೆ ಬಿಡಬೇಡಿ, ಬಾಯಿಂದ ಊದಬೇಡಿ. ಸೂಜಿ ಎಸಳನ್ನು ಮುರಿಯುತ್ತದೆ, ಎಣ್ಣೆ ಧೂಳನ್ನು ಹಿಡಿಯುತ್ತದೆ, ಉಸಿರಿನ ತೇವ ಕಿಲುಬು ಹೆಚ್ಚಿಸುತ್ತದೆ.

ಉಳಿದದ್ದು ಮೊದಲ ಅಕ್ಷರ ನುಂಗುವ ದೋಷ. ಇದಕ್ಕೆ ಧೂಳು ಕಾರಣವಲ್ಲ, ವಿದ್ಯುತ್ ಉಳಿತಾಯ ಕಾರಣ. ಕೆಲವು ಸೆಕೆಂಡು ದನಿ ಇಲ್ಲದಿದ್ದರೆ ಬ್ಯಾಟರಿ ಉಳಿಸಲೆಂದು ಕೋಡೆಕನ್ನು ಮಲಗಿಸಲಾಗುತ್ತದೆ. ಮತ್ತೆ ದನಿ ಬಂದಾಗ ಅದು ಎಚ್ಚರಗೊಳ್ಳಲು ಒಂದು ಕ್ಷಣ ಬೇಕು. ಆ ಕ್ಷಣದ ದನಿ ನಷ್ಟವಾಗುತ್ತದೆ. ಹಾಡು ಕೇಳುವವರಿಗೆ ಇದು ಗೊತ್ತಾಗುವುದಿಲ್ಲ. ಒಂದೊಂದೇ ಪದ ಕೇಳುತ್ತ ಓದುವವರಿಗೆ ಅರ್ಥವೇ ಕೆಡುತ್ತದೆ. ಆತ ಬಳಸುತ್ತಿದ್ದುದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ತರುಣ 2006ರಲ್ಲಿ ಇದನ್ನು ಆರಂಭಿಸಿದರು. ಕನ್ನಡವನ್ನೂ ಇದು ಓದುತ್ತದೆ. ಮಾತು ಮುಗಿದ ಮೇಲೆಯೂ ದನಿಯ ಸಾಧನವನ್ನು ಇಷ್ಟು ಹೊತ್ತು ಎಚ್ಚರವಾಗಿಡು ಎಂದು ಹೇಳುವ ಆಯ್ಕೆ ಇದರ ಇತ್ತೀಚಿನ ಆವೃತ್ತಿಗಳಲ್ಲಿದೆ. ಆ ಹೊತ್ತನ್ನು ಹೆಚ್ಚಿಸಿದೆವು. "ನಾಟಕ" ಮತ್ತೆ "ಕರ್ನಾಟಕ"ವಾಯಿತು.

ಮಿತ್ರರೇ, ಕಥೆ ಇಲ್ಲಿಗೇ ಮುಗಿಯಿತೆಂದರೆ ನಾನು ಪೂರ್ತಿ ನಿಜ ಹೇಳಿದಂತಾಗದು. ಒಂಬತ್ತನೆಯ ದಿನ ದನಿ ಮತ್ತೆ ಹೋಯಿತು. ಎಸಳು ಸವೆದಿತ್ತು, ಶುಚಿ ಮಾಡಿದ್ದು ಎಷ್ಟು ದಿನ ಬಾಳೀತು? ಆದರೆ ಈ ಸಲ ಯಾರೂ ಗಾಬರಿಯಾಗಲಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ದನಿಯ ತುಣುಕೊಂದನ್ನು ತಂದು ಹಚ್ಚಿಕೊಂಡು ಆತ ಪರೀಕ್ಷೆಗೆ ಓದಿದ. ಪರೀಕ್ಷೆ ಮುಗಿದ ಮೇಲೆ ಬೇರೆ ಅಂಗಡಿಗೆ ಹೋಗಿ, "ಮದರ್‌ಬೋರ್ಡ್ ಬ್ಯಾಡ್ರಿ, ಇಯರ್‌ಫೋನಿನ ಜಾಕ್ ಅಷ್ಟ ಬದಲಿ ಮಾಡ್ರಿ" ಎಂದು ತಾನೇ ಹೇಳಿದ. ಜಾಕ್ ಬದಲಾಯಿತು, ದನಿ ನಿಂತಿತು, ಅಂದರೆ ಹೋಗದೆ ನಿಂತಿತು!

ನಿಮ್ಮ ಮನೆಯ ಹಳೆಯ ಯಂತ್ರದ ದೋಷ ಬೇರೆಯದಿರಬಹುದು. ಬಿಸಿಯಾದಾಗ ಮಾತ್ರ ದನಿ ಹೋಗಿ, ತಣ್ಣಗಾದಾಗ ಬರುತ್ತಿದ್ದರೆ ಒಳಗಿನ ಬೆಸುಗೆ ಬಿರಿದಿರಬಹುದು. ಅದು ಬಲ್ಲವರ ಕೆಲಸ. ವ್ಯವಸ್ಥೆಯನ್ನು ನವೀಕರಿಸಿದ ಮರುದಿನದಿಂದ ಹೋಗುತ್ತಿದ್ದರೆ ಡ್ರೈವರನ್ನು ತೆಗೆದು ಯಂತ್ರವನ್ನು ಮತ್ತೆ ಆರಂಭಿಸಿ ನೋಡಿ, ಅಥವಾ ತಯಾರಕರು ಕೊಟ್ಟ ಹಳೆಯ ಡ್ರೈವರಿಗೆ ಮರಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನೂ ಹಳೆಯ ಯಂತ್ರದವರು ನೆನಪಿಡಬೇಕು. ಕೊನೆಯದಾಗಿ, ಲ್ಯಾಪ್‌ಟಾಪಿನ ತಳ ಅಥವಾ ಕೀಲಿಮಣೆ ಉಬ್ಬಿದ್ದರೆ ಅದು ಬ್ಯಾಟರಿ ಉಬ್ಬಿದ ಗುರುತು. ಆಗ ದನಿಯ ಯೋಚನೆ ಬಿಡಿ, ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ಅಪಾಯವಿದೆ. ಯಂತ್ರವನ್ನು ಆರಿಸಿ ನೇರ ಬಲ್ಲವರಲ್ಲಿಗೆ ಒಯ್ಯಿರಿ.

ಬಂದು ಹೋಗುವ ದೋಷದ ಮುಂದೆ ನಮಗೆ ಮೊದಲು ಬೇಕಾದದ್ದು ಸ್ಕ್ರೂಡ್ರೈವರ್ ಅಲ್ಲ, ಒಂದು ವಹಿ ಮತ್ತು ಎರಡು ದಿನದ ತಾಳ್ಮೆ. ಬೆಳವಣಕಿಯ ಆ ಮನೆಯಲ್ಲಿ ದೋಷವನ್ನು ಮೊದಲು ಕೇಳಿ ಗುರುತಿಸಿದವನು ಕಣ್ಣಿಲ್ಲದ ಅಣ್ಣ, ನೋಡಿ ಹಿಡಿದವಳು ತಂಗಿ. ನಾನು ಮಾಡಿದ್ದು ಪ್ರಶ್ನೆ ಕೇಳಿದ್ದಷ್ಟೇ. ಮುಂದಿನ ಸಲ ನಿಮ್ಮ ಯಂತ್ರ ಕೈಕೊಟ್ಟಾಗ "ಎಲ್ಲ ಹೋಯಿತು" ಎನ್ನುವ ಮೊದಲು, ದಾರಿ ಎಲ್ಲಿಯವರೆಗೆ ಸರಿಯಿದೆ ಎಂದು ನಡೆದು ನೋಡಿ.